ಮಾನವ ದೇಹದ ಚಿತ್ರಣ: ಪ್ರಾಚೀನ ಗ್ರೀಸ್ ಮತ್ತು ಕಲಬುರಗಿ ಸೀಮೆ

ಕಲ್ಲು, ಕಂಚು, ಬಣ್ಣಗಳಲ್ಲಿ ಮನುಷ್ಯನ ಮೈಯನ್ನು ಮೂಡಿಸುವ ವಿದ್ಯೆಯ ಮಾತು ಬಂದಾಗ ಪ್ರಾಚೀನ ಗ್ರೀಕರ ಹೆಸರು ಮೊದಲಿಗೆ ಬರುತ್ತದೆ. ಕ್ರಿ.ಪೂ. 7ನೆಯ ಶತಮಾನದಿಂದ ಕ್ರಿ.ಪೂ. 1ನೆಯ ಶತಮಾನದವರೆಗೆ ಅವರು ಕಡೆದ ಮೂರ್ತಿಗಳು ಮುಂದೆ ರೋಮಿಗೆ, ಅಲ್ಲಿಂದ ಯುರೋಪಿನ ಕಲಾಶಾಲೆಗಳಿಗೆ, 19ನೆಯ ಶತಮಾನದಲ್ಲಿ ಮುಂಬೈಯ ಚಿತ್ರಶಾಲೆಗೆ ಮಾದರಿಯಾದವು. ಗ್ರೀಕ್ ಕಲೆಯ ಕೊನೆಯ ಘಟ್ಟ ನಡೆದಿದ್ದ ಹೊತ್ತಿಗೆ ಭೀಮಾ ನದಿಯ ದಂಡೆಯಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ ಮತ್ತು ಕನಗನಹಳ್ಳಿಗಳಲ್ಲಿ, ಬೌದ್ಧ ಶಿಲ್ಪದ ದೊಡ್ಡದೊಂದು ಕಾರ್ಯ ಶುರುವಾಗುತ್ತಿತ್ತು. ಸಾತವಾಹನರ ಕಾಲದ ಕಲ್ಲುಕುಟಿಗರು ಅಲ್ಲಿ ರಾಜರನ್ನು, ರಾಣಿಯರನ್ನು, ಚಾಮರ ಬೀಸುವ ಹೆಣ್ಣುಮಕ್ಕಳನ್ನು, ನಾಗರನ್ನು, ಭಕ್ತರನ್ನು ನೂರಾರು ಸಂಖ್ಯೆಯಲ್ಲಿ ಕಡೆದರು. ಎರಡೂ ಕಡೆ ಕೈಯಲ್ಲಿದ್ದದ್ದು ಉಳಿ ಸುತ್ತಿಗೆ, ಕಣ್ಣೆದುರಿಗಿದ್ದದ್ದು ಎರಡು ಕೈ ಎರಡು ಕಾಲಿನ ಅದೇ ಮನುಷ್ಯ. ಮೂಡಿದ ಮೈಗಳು ಮಾತ್ರ ಬೇರೆ ಬೇರೆ. ಈ ವ್ಯತ್ಯಾಸದ ಬೇರು ಹುಡುಕುವವರು ಮೊದಲು ಕಾಲಡಿಯ ಕಲ್ಲನ್ನೇ ನೋಡಬೇಕು.

ಕಲ್ಲಿನ ಗುಣ

ಕಲಬುರಗಿಯ ಹಳೆಯ ಮನೆಗಳಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಶಹಾಬಾದಿ ಫರಸಿಯ ತಂಪು ಗೊತ್ತು. ಏಪ್ರಿಲ್‌–ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ ಹೆಜ್ಜೆ ಇಡಲಾಗದಿದ್ದಾಗ ಒಳಗಿನ ಆ ನೆಲದ ಮೇಲೆ ಬೆನ್ನು ಚಾಚಿದರೆ ಸಾಕು. ಬೂದು ಬಣ್ಣಕ್ಕೆ ತುಸು ಹಸಿರೋ ಹಳದಿಯೋ ಬೆರೆತ ಈ ಕಲ್ಲು ಭೀಮಾ ಕೊಳ್ಳದ ಸುಣ್ಣಕಲ್ಲು. ಅದು ಭೂಮಿಯೊಳಗೆ ಪದರು ಪದರಾಗಿ ಕುಳಿತಿದೆ. ಪದರಿನ ಸಂದಿಗೆ ಹಾರೆ ಹಾಕಿ ಮೀಟಿದರೆ ಅಗಲವಾದ ಚಪ್ಪಡಿಯಾಗಿ ಏಳುತ್ತದೆ. ಕೆಲಸ ಹಿಡಿಸಿಕೊಳ್ಳುವಷ್ಟು ಮೆದು, ಸಣ್ಣ ಗೆರೆಯನ್ನೂ ಉಳಿಸಿಕೊಳ್ಳುವಷ್ಟು ಗಟ್ಟಿ. ಸನ್ನತಿಯ ಶಿಲ್ಪಿಗಳಿಗೆ ಸಿಕ್ಕಿದ್ದು ಇದೇ ಜಾತಿಯ ಕಲ್ಲು. ಚಪ್ಪಡಿಯಲ್ಲಿ ಅಗಲವಿದೆ, ಎತ್ತರವಿದೆ, ದಪ್ಪವಿಲ್ಲ. ಅದರಲ್ಲಿ ಒಂಟಿ ಮನುಷ್ಯನನ್ನು ಸುತ್ತಲೂ ಕಡೆದು ನಿಲ್ಲಿಸುವುದು ಕಷ್ಟ. ಹತ್ತು ಜನರನ್ನು ಒತ್ತೊತ್ತಾಗಿ ಸೇರಿಸಿ ಒಂದು ಕಥೆ ಹೇಳುವುದು ಸುಲಭ.

ಗ್ರೀಕರಿಗೆ ಒದಗಿದ್ದು ಅಮೃತಶಿಲೆ. ನಾಕ್ಸೋಸ್ ಮತ್ತು ಪಾರೋಸ್ ದ್ವೀಪಗಳಲ್ಲಿ, ಅಥೆನ್ಸಿನ ಹತ್ತಿರದ ಪೆಂಟೆಲಿಕಾನ್ ಬೆಟ್ಟದಲ್ಲಿ ಅದು ದಪ್ಪ ದಿಮ್ಮಿಯಾಗಿ ಸಿಗುತ್ತಿತ್ತು. ನಾಕ್ಸೋಸಿನ ಅಪೊಲ್ಲೊನಾಸ್ ಎಂಬಲ್ಲಿ 10 ಮೀಟರಿಗೂ ಉದ್ದದ ಅರೆಗಡೆದ ಮೂರ್ತಿಯೊಂದು ಕಲ್ಲುಗಣಿಯಲ್ಲೇ ಇವತ್ತಿಗೂ ಮಲಗಿದೆ. ಬಿರುಕು ಬಿಟ್ಟಿತೋ ಏನೋ, ಕೆಲಸ ಅಷ್ಟಕ್ಕೇ ನಿಂತಿದೆ. ಬೆಟ್ಟದಿಂದ ಇಡೀ ಆಳನ್ನು ಕಿತ್ತು ತೆಗೆಯುವ ಆ ಸಾಹಸ ದಿಮ್ಮಿ ಕಲ್ಲು ಇದ್ದಲ್ಲಿ ಮಾತ್ರ ತೋಚುವಂಥದು. ಕಲ್ಲೊಂದರಿಂದಲೇ ಕಲೆ ಹುಟ್ಟುವುದಿಲ್ಲ, ನಿಜ. ಆದರೆ ಗ್ರೀಕ್ ದೇಹ ಒಂಟಿಯಾಗಿ ನಿಂತದ್ದಕ್ಕೂ ಸನ್ನತಿಯ ದೇಹ ಗುಂಪಿನೊಳಗೆ ಬೆರೆತದ್ದಕ್ಕೂ ಕಲ್ಲಿನ ಪಾಲು ದೊಡ್ಡದೆಂದೇ ಹೇಳಬೇಕು.

ಗ್ರೀಕ್ ದೇಹ

ಗ್ರೀಕರ ಹಳೆಯ ಆಳೆತ್ತರದ ಗಂಡು ಮೂರ್ತಿಗಳಿಗೆ ಕೂರೋಸ್, ಅಂದರೆ ಹುಡುಗ, ಎಂದು ಹೆಸರು. ಕ್ರಿ.ಪೂ. 600ರ ಸುಮಾರಿನ ಈ ಬೆತ್ತಲೆ ತರುಣರು ಎಡಗಾಲು ಮುಂದಿಟ್ಟು, ಮುಷ್ಟಿ ಬಿಗಿದು, ತೋಳು ಇಳಿಬಿಟ್ಟು ನೆಟ್ಟಗೆ ನಿಲ್ಲುತ್ತಾರೆ. ನಿಲುವು ಈಜಿಪ್ಟಿನಿಂದ ಬಂದದ್ದು. ಬೆತ್ತಲೆ ಮೈ ಗ್ರೀಕರದೇ. ಗ್ರೀಸಿನ ಗಂಡಸರು ವ್ಯಾಯಾಮಶಾಲೆಯಲ್ಲಿ ಬಟ್ಟೆ ಕಳಚಿ, ಎಣ್ಣೆ ಹಚ್ಚಿಕೊಂಡು ಕಸರತ್ತು ಮಾಡುತ್ತಿದ್ದರು. ಆ ಶಾಲೆಗೆ ಗುಮ್ನಾಸಿಯೋನ್ ಎಂಬ ಹೆಸರು ಬಂದದ್ದೇ ಬೆತ್ತಲೆ ಎಂಬ ಅರ್ಥದ ಮಾತಿನಿಂದ. ಹಾಗಾಗಿ ಅಲ್ಲಿನ ಶಿಲ್ಪಿಗೆ ಸ್ನಾಯು, ಕೀಲು, ಪಕ್ಕೆಲುಬುಗಳನ್ನು ದಿನಾ ಕಾಣುವ ಅವಕಾಶವಿತ್ತು. ನಮ್ಮ ತಾಲೀಮುಗಳಲ್ಲೂ ಪೈಲವಾನರು ಲಂಗೋಟಿ ಕಟ್ಟಿ ಕೆಮ್ಮಣ್ಣಿನಲ್ಲಿ ಹೊರಳಿದವರೇ. ಆದರೂ ಆ ಮೈಕಟ್ಟನ್ನು ನಮ್ಮ ಶಿಲ್ಪ ದೇವರಿಗೂ ದೊರೆಗೂ ತಕ್ಕ ಮೈಯೆಂದು ಒಪ್ಪಿಕೊಳ್ಳಲಿಲ್ಲ. ಇದು ಯೋಚಿಸಬೇಕಾದ ಸಂಗತಿ.

ಕ್ರಿ.ಪೂ. 480ರ ಆಸುಪಾಸಿನಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲೆ ನಿಂತಿದ್ದ ಒಂದು ಹುಡುಗನ ಮೂರ್ತಿಯಲ್ಲಿ ದೊಡ್ಡ ಬದಲಾವಣೆ ಕಾಣುತ್ತದೆ. ಕ್ರಿಟಿಯೋಸನ ಹುಡುಗ ಎಂದು ಕರೆಯುವ ಈ ಮೂರ್ತಿ ಮೈಭಾರವನ್ನು ಒಂದೇ ಕಾಲಿನ ಮೇಲೆ ಹಾಕಿದೆ. ಇನ್ನೊಂದು ಕಾಲು ಸಡಿಲ. ಭಾರ ಹೊತ್ತ ಕಡೆಯ ಸೊಂಟ ಮೇಲೆದ್ದಿದೆ, ತಲೆ ಒಂದಿಷ್ಟು ಹೊರಳಿದೆ. ಬಸ್ಸಿಗೆ ಕಾಯುತ್ತಾ ನಿಂತವರೆಲ್ಲ ನಿಲ್ಲುವ ರೀತಿ ಇದು. ಇಷ್ಟು ಸಹಜವಾದದ್ದನ್ನು ಕಲ್ಲಿನಲ್ಲಿ ಹಿಡಿಯಲು ಗ್ರೀಕರಿಗೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಮುಂದೆ ಕ್ರಿ.ಪೂ. 440ರ ಸುಮಾರಿಗೆ ಆರ್ಗೋಸಿನ ಪಾಲಿಕ್ಲೈಟಸ್ ಈಟಿ ಹಿಡಿದ ತರುಣನನ್ನು ಕಂಚಿನಲ್ಲಿ ಎರಕ ಹೊಯ್ದು, ಬೆರಳಿಗೆ ಬೆರಳು, ಬೆರಳಿಗೆ ಅಂಗೈ, ಅಂಗೈಗೆ ಮುಂಗೈ ಯಾವ ಅಳತೆಯಲ್ಲಿರಬೇಕೆಂದು ಒಂದು ಗ್ರಂಥವನ್ನೂ ಬರೆದ. ಗ್ರಂಥ ಕಳೆದುಹೋಗಿದೆ, ಕಂಚೂ ಕರಗಿಹೋಗಿದೆ. ಪೊಂಪೇಯಲ್ಲಿ ಸಿಕ್ಕಿ ಈಗ ನೇಪಲ್ಸಿನಲ್ಲಿರುವ ರೋಮನ್ ಪ್ರತಿಯೊಂದರಿಂದ ಅದರ ರೂಪವನ್ನು ಊಹಿಸಿಕೊಳ್ಳುತ್ತೇವೆ.

ಹೆಣ್ಣುಮೈಗೆ ಗ್ರೀಕ್ ಶಿಲ್ಪದಲ್ಲಿ ಬಹುಕಾಲ ಬಟ್ಟೆಯಿತ್ತು. ಕ್ರಿ.ಪೂ. 4ನೆಯ ಶತಮಾನದ ನಡುವೆ ಪ್ರಾಕ್ಸಿಟೆಲೀಸ್ ಕ್ನಿಡೋಸ್ ಪಟ್ಟಣದ ಗುಡಿಗಾಗಿ ಪ್ರೇಮದೇವತೆ ಅಫ್ರೋಡೈಟಿಯನ್ನು ಆಳೆತ್ತರದಲ್ಲಿ ಬೆತ್ತಲೆಯಾಗಿ ಕಡೆದಾಗ ಅದು ಹೊಸ ಮಾತಾಗಿತ್ತು. ಅಲ್ಲಿಂದೀಚೆಗೆ ಮುಪ್ಪು, ಕುಡಿತ, ನೋವುಗಳೂ ಶಿಲ್ಪಕ್ಕೆ ವಸ್ತುವಾದವು. ರೋಮಿನಲ್ಲಿ 1885ರಲ್ಲಿ ಸಿಕ್ಕ ಕಂಚಿನ ಮುಷ್ಟಿಮಲ್ಲನೊಬ್ಬ ಕಾದಾಟ ಮುಗಿಸಿ ಕೂತಿದ್ದಾನೆ. ಮೂಗು ಜಜ್ಜಿದೆ, ಕಿವಿ ಊದಿದೆ, ಮುಖದ ಗಾಯದ ರಕ್ತವನ್ನು ಕಂಚಿನೊಳಗೆ ಕೆಂಪು ತಾಮ್ರ ಕೂಡಿಸಿ ತೋರಿಸಿದ್ದಾರೆ. ಈ ಮೂರ್ತಿಗಳು ಬೆಳ್ಳಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಣ್ಣು, ತುಟಿ, ಕೂದಲು, ಬಟ್ಟೆಗಳಿಗೆ ಬಣ್ಣವಿತ್ತು. ಮಳೆ ಗಾಳಿಗೆ ಅದು ಹೋಗಿ ಉಳಿದ ಬಿಳುಪನ್ನೇ ಮುಂದಿನವರು ಗ್ರೀಕ್ ಸೌಂದರ್ಯ ಎಂದು ತಿಳಿದುಕೊಂಡರು.

ಸನ್ನತಿ ಮತ್ತು ಕನಗನಹಳ್ಳಿ

ಸನ್ನತಿ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಭಕ್ತರಿಗೆ ಮೊದಲಿನಿಂದ ಗೊತ್ತು. ಅಲ್ಲಿನ ಬೌದ್ಧ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. 1950ರ ದಶಕದ ಮಾತು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಡು ಕುಸಿಯಿತು. ಅವಶೇಷ ತೆಗೆಯುವಾಗ ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅವು ಅಶೋಕನ ಶಾಸನಗಳು: 12 ಮತ್ತು 14ನೆಯ ಬಂಡೆ ಶಾಸನಗಳು, ಜೊತೆಗೆ ಕಳಿಂಗದ ಎರಡು ಪ್ರತ್ಯೇಕ ಶಾಸನಗಳು. ಈ 12ನೆಯ ಶಾಸನದ ಕೊನೆಯ ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ ಸಿಕ್ಕಿದೆ. ಬೇರೆಯವರ ಮತವನ್ನೂ ಗೌರವಿಸಬೇಕೆಂಬ ಒಬ್ಬನೇ ದೊರೆಯ ಮಾತನ್ನು ಭೀಮಾ ದಂಡೆಯವರು ಪ್ರಾಕೃತದಲ್ಲಿ, ಕಂದಹಾರದ ಗ್ರೀಕರು ತಮ್ಮ ನುಡಿಯಲ್ಲಿ ಓದಿದರು. ಎರಡು ಶಿಲ್ಪ ಪರಂಪರೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಸನ್ನತಿಗೆ ಹೊಂದಿಕೊಂಡಂತಿರುವ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಉತ್ಖನನ ನಡೆಸಿತು. ಆಗ ಬೆಳಕಿಗೆ ಬಂದದ್ದು ಅಧೋಲೋಕ ಮಹಾಚೈತ್ಯ ಎಂದು ಶಾಸನಗಳಲ್ಲೇ ಕರೆಸಿಕೊಂಡಿರುವ ದೊಡ್ಡ ಸ್ತೂಪ. ಕ್ರಿ.ಪೂ. 1ನೆಯ ಶತಮಾನದಿಂದ ಕ್ರಿ.ಶ. 3ನೆಯ ಶತಮಾನದವರೆಗೆ ಅದು ಹಂತಹಂತವಾಗಿ ಬೆಳೆದಿತ್ತು. ಸ್ತೂಪದ ದುಂಡು ಮೈಗೆ ಹೊದಿಸಿದ್ದ ಚಪ್ಪಡಿಗಳು ಕಳಚಿ ಬಿದ್ದು, ಎಷ್ಟೋ ಒಡೆದು, ಮಣ್ಣಿನಡಿ ಸೇರಿದ್ದವು. ಅವುಗಳ ಮೇಲಿನ ಬರಹಗಳನ್ನು ಓದಿ ಆಸ್ಕರ್ ಫಾನ್ ಹಿನ್ಯೂಬರ್ ಮತ್ತು ಮೈಕೊ ನಕಾನಿಶಿ 2014ರಲ್ಲಿ ಪ್ರಕಟಿಸಿದರು.

ಇವುಗಳಲ್ಲಿ ಒಂದು ಚಪ್ಪಡಿ ಲೋಕಕ್ಕೆಲ್ಲ ಪರಿಚಿತವಾಗಿದೆ. ದೊರೆಯೂ ರಾಣಿಯೂ ಅಕ್ಕಪಕ್ಕ ನಿಂತಿದ್ದಾರೆ, ಹಿಂದೆ ಮುಂದೆ ಸೇವಕಿಯರು ಚಾಮರ, ಛತ್ರಿ ಹಿಡಿದಿದ್ದಾರೆ. ದೊರೆಯ ಎದೆ ಬರಿದು, ತಲೆಗೆ ಸುತ್ತಿದ ಪಟಗ, ಕಿವಿಯಲ್ಲಿ ಭಾರದ ಓಲೆ. ಬ್ರಾಹ್ಮಿಯಲ್ಲಿ ಎರಡೇ ಪದ: ‘ರಾಯೋ ಅಸೋಕೋ’. ಅಶೋಕನ ಹೆಸರನ್ನು ಬರೆದು ಅವನ ರೂಪವನ್ನು ತೋರಿಸಿದ ಪ್ರಾಚೀನ ಶಿಲ್ಪ ಇದು.

ಆದರೆ ಅಶೋಕ ತೀರಿಕೊಂಡದ್ದು ಕ್ರಿ.ಪೂ. 232ರ ಸುಮಾರಿಗೆ. ಈ ಶಿಲ್ಪಿ ಕಲ್ಲಿಗೆ ಉಳಿ ಹಚ್ಚುವ ಹೊತ್ತಿಗೆ ಕಡಿಮೆಯೆಂದರೂ ಒಂದೂವರೆ ಶತಮಾನ ಕಳೆದಿತ್ತು. ದೊರೆಯ ಮೂಗು ಹೀಗಿತ್ತು, ಗಲ್ಲ ಹಾಗಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ. ಶಿಲ್ಪಿಗೆ ಅದರ ಅಗತ್ಯವೂ ಬೀಳಲಿಲ್ಲ. ಪಕ್ಕದ ಚಪ್ಪಡಿಗಳಲ್ಲಿ ಸಾತವಾಹನ ದೊರೆಗಳು ಇದ್ದಾರೆ: ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುವ ಸಾತಕರ್ಣಿ, ಉಜ್ಜಯಿನಿಯನ್ನು ಬಿಟ್ಟುಕೊಡುವ ಪುಳುಮಾವಿ, ಮಂತಲಕ, ಸುಂದರ ಸಾತಕರ್ಣಿ. ಹೆಸರಿನ ಸಾಲನ್ನು ಕೈಯಿಂದ ಮುಚ್ಚಿದರೆ ಅಶೋಕ ಯಾರು, ಸಾತಕರ್ಣಿ ಯಾರು ಎಂದು ಮುಖ ನೋಡಿ ಹೇಳಲಾಗದು. ದೊರೆತನಕ್ಕೆ ಒಂದು ಮೈ ಇದೆ, ಎಲ್ಲ ದೊರೆಗಳೂ ಆ ಮೈಯನ್ನೇ ತೊಡುತ್ತಾರೆ. ಆಳನ್ನು ಗುರುತಿಸುವ ಕೆಲಸ ಅಕ್ಷರದ್ದು.

ಇದನ್ನು ಶಿಲ್ಪಿಯ ಅಶಕ್ತಿಯೆಂದು ತಿಳಿಯಬಾರದು. ಗ್ರೀಕರಲ್ಲೂ ಬಹುಕಾಲ ಹೀಗೆಯೇ ನಡೆದಿತ್ತು. ಒಲಿಂಪಿಯಾದಲ್ಲಿ ಗೆದ್ದವರಿಗೆಲ್ಲ ಮೂರ್ತಿ ನಿಲ್ಲಿಸುವ ಮರ್ಯಾದೆ ಇತ್ತು, ಆದರೆ ಗೆದ್ದವನ ನಿಜವಾದ ಹೋಲಿಕೆಯನ್ನು ಕಡೆಯುತ್ತಿದ್ದದ್ದು ಮೂರು ಸಲ ಗೆದ್ದವರಿಗೆ ಮಾತ್ರ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಉಳಿದವರಿಗೆ ಒಂದು ಆದರ್ಶ ಮೈ, ಪೀಠದ ಮೇಲೆ ಹೆಸರು.

ಈಗ ಮೈಯನ್ನೇ ಹತ್ತಿರದಿಂದ ನೋಡಬೇಕು. ಕನಗನಹಳ್ಳಿಯ ಗಂಡಸಿನ ಎದೆ ಅಗಲ, ಹೊಟ್ಟೆ ನುಣುಪು. ಗ್ರೀಕ್ ಮೂರ್ತಿಯಲ್ಲಿ ಕಾಣುವ ಹೊಟ್ಟೆಯ ಗೆಣ್ಣುಗೆಣ್ಣು ಸ್ನಾಯು ಇಲ್ಲಿಲ್ಲ. ಎಲುಬಿನ ಗುರುತೂ ಕಡಿಮೆ. ಚರ್ಮದ ಒಳಗಿಂದ ಏನೋ ತುಂಬಿ ಮೃದುವಾಗಿ ಉಬ್ಬಿದಂತೆ ಕಾಣುತ್ತದೆ. ಭಾರತೀಯ ಶಿಲ್ಪದ ಈ ಗುಣವನ್ನು ಉಸಿರಿನ ದೇಹವೆಂದು ವಿವರಿಸಿದವರು ಸ್ಟೆಲ್ಲಾ ಕ್ರಾಮ್ರಿಷ್. ಗ್ರೀಕ್ ಶಿಲ್ಪಿ ದೇಹವನ್ನು ಭಾರ ಹೊರುವ ಯಂತ್ರದಂತೆ ಅರ್ಥಮಾಡಿಕೊಂಡ: ಯಾವ ಕಾಲು ತೂಕ ಹೊತ್ತಿದೆ, ಯಾವ ಸ್ನಾಯು ಬಿಗಿದಿದೆ, ಯಾವುದು ಸಡಿಲವಾಗಿದೆ. ಇಲ್ಲಿನವನಿಗೆ ಒಳಗಿನ ಪ್ರಾಣ ಮುಖ್ಯವಾಯಿತು. ಉಸಿರು ಎಳೆದು ಎದೆ ತುಂಬಿಕೊಂಡ ಗಳಿಗೆಯಲ್ಲಿ ಮನುಷ್ಯನ ಮೈ ಹೇಗಿರುತ್ತದೋ ಅದನ್ನೇ ಅವನು ಕಲ್ಲಿನಲ್ಲಿ ನಿಲ್ಲಿಸಿದ.

ಹೆಂಗಸರ ಮೈ ಇನ್ನೂ ಮೆತ್ತಗೆ. ಸಣ್ಣ ನಡು, ಅಗಲವಾದ ಕಟಿ, ಅದರ ಮೇಲೆ ಹಲವು ಎಳೆಯ ಡಾಬು, ಕಾಲಿಗೆ ದಪ್ಪ ಕಡಗ, ಮುಂಗೈ ತುಂಬ ಬಳೆ. ಬಟ್ಟೆ ಇದೆ ಎಂದು ತಿಳಿಯುವುದು ಅಂಚಿನ ಗೆರೆಯಿಂದ ಮಾತ್ರ, ಒಡವೆಯನ್ನಾದರೋ ಎಣಿಸಬಹುದು. ಗ್ರೀಕ್ ಶಿಲ್ಪದಲ್ಲಿ ಬಟ್ಟೆಯ ನೆರಿಗೆಯಲ್ಲಿ ಕೈಚಳಕ ತೋರಿದರೆ ಇಲ್ಲಿ ಒಡವೆಯ ಮಣಿಯಲ್ಲಿ ತೋರಿದ್ದಾರೆ. ಕಲಬುರಗಿ, ಕಮಲಾಪುರ ಕಡೆಯ ತಾಂಡಾಗಳ ಹಿರಿಯ ಹೆಣ್ಣುಮಕ್ಕಳ ತೋಳು ತುಂಬಿದ ಬಳೆಗಳನ್ನು ಕಂಡವರಿಗೆ ಈ ಚಪ್ಪಡಿಗಳ ಎದುರು ಅವರ ನೆನಪಾಗುವುದು ಸಹಜ. ಎರಡರ ನಡುವೆ ವಂಶದ ನಂಟು ಹೆಣೆಯಬೇಕಿಲ್ಲ. ಒಡವೆಯೂ ಮೈಯ ಭಾಗವೇ ಎಂಬ ಭಾವನೆ ಈ ನೆಲದಲ್ಲಿ ಅಪರಿಚಿತವಲ್ಲ ಎನ್ನುವುದಷ್ಟೇ ಇಲ್ಲಿನ ಮಾತು.

ಇಷ್ಟೆಲ್ಲ ಮೈಗಳ ನಡುವೆ ಒಂದು ಮೈ ಇಲ್ಲ. ಕನಗನಹಳ್ಳಿಯ ಅನೇಕ ಚಪ್ಪಡಿಗಳಲ್ಲಿ ಬುದ್ಧನ ಜೀವನದ ಘಟನೆಗಳಿವೆ, ಆದರೆ ಬುದ್ಧನಿರಬೇಕಾದ ಜಾಗದಲ್ಲಿ ಬರಿಯ ಆಸನವೋ, ಬೋಧಿವೃಕ್ಷವೋ, ಚಕ್ರವೋ, ಎರಡು ಪಾದದ ಗುರುತೋ ಇದೆ. ಸುತ್ತ ನೆರೆದವರು ಕೈಮುಗಿದು ಆ ಖಾಲಿ ಜಾಗದ ಕಡೆ ಬಾಗಿದ್ದಾರೆ. ಅವರ ಬಾಗಿದ ಬೆನ್ನು, ಎತ್ತಿದ ಮುಖ, ಕೂಡಿದ ಅಂಗೈಗಳಿಂದಲೇ ಅಲ್ಲಿ ಯಾರೋ ಇದ್ದಾರೆಂದು ಗೊತ್ತಾಗಬೇಕು. ಮನುಷ್ಯ ದೇಹವನ್ನು ಇಷ್ಟು ನಂಬಿ ಬಳಸಿದ ಕಲೆ ತನ್ನ ನಾಯಕನ ದೇಹವನ್ನೇ ಬಿಟ್ಟುಕೊಟ್ಟದ್ದು ದೊಡ್ಡ ನಿರ್ಧಾರ. ದೇವರನ್ನು ಮನುಷ್ಯನ ಅತ್ಯುತ್ತಮ ಮೈಯಲ್ಲೇ ಕಂಡ ಗ್ರೀಕನಿಗೆ ಈ ದಾರಿ ತೋಚುವುದು ಸಾಧ್ಯವಿರಲಿಲ್ಲ. ಮುಂದಿನ ಹಂತದಲ್ಲಿ ಇದೇ ಕನಗನಹಳ್ಳಿಯಲ್ಲಿ ಚೀವರ ಹೊದ್ದು ನಿಂತ ಬುದ್ಧನ ಮೂರ್ತಿಗಳೂ ಬಂದವು. ಮೈ ಇಲ್ಲದ ಬುದ್ಧ, ಮೈ ಇರುವ ಬುದ್ಧ ಇಬ್ಬರೂ ಒಂದೇ ಸ್ತೂಪದ ನೆಲೆಯಲ್ಲಿ ಸಿಕ್ಕಿರುವುದರಿಂದ ಈ ಜಾಗ ಭಾರತೀಯ ಕಲೆಯ ಇತಿಹಾಸಕ್ಕೆ ಅಮೂಲ್ಯವಾಗಿದೆ.

ಸ್ಮಾರಕ ಶಿಲೆಗಳು

ಸನ್ನತಿಯ ಸ್ತೂಪದ ಚಪ್ಪಡಿಗಳಿಗೆ ಸಿಕ್ಕಷ್ಟು ಹೆಸರು ಅಲ್ಲಿನ ಸ್ಮಾರಕ ಶಿಲೆಗಳಿಗೆ ಸಿಕ್ಕಿಲ್ಲ. ಸಿಗಬೇಕಿತ್ತು. ತೀರಿಹೋದವರ ನೆನಪಿಗೆ ನಿಲ್ಲಿಸಿದ ಈ ಕಲ್ಲುಗಳು ಸಾತವಾಹನ ಕಾಲದವು, ನಾಡಿನ ವೀರಗಲ್ಲುಗಳಿಗೆ ಶತಮಾನಗಳಷ್ಟು ಹಿರಿಯವು. ಕೆಲವುಗಳಲ್ಲಿ ಗಂಡ ಹೆಂಡತಿ ಪೀಠದ ಮೇಲೆ ಜೊತೆಯಾಗಿ ಕೂತಿದ್ದಾರೆ, ಪಕ್ಕದಲ್ಲಿ ಸೇವೆಯ ಆಳುಗಳಿದ್ದಾರೆ. ಕೆಲವುಗಳಲ್ಲಿ ಎತ್ತಿನ ಬಂಡಿ, ಕುದುರೆ ಕಟ್ಟಿದ ಗಾಡಿ. ಯುದ್ಧದಲ್ಲಿ ಮಡಿದ ವೀರನ ಆರ್ಭಟ ಇಲ್ಲಿ ಅಪರೂಪ. ಬದುಕಿದ್ದಾಗ ಮನೆಯಲ್ಲಿ ಹೇಗೆ ಕೂರುತ್ತಿದ್ದರೋ ಹಾಗೆ ಕೂತಿದ್ದಾರೆ.

ಗ್ರೀಕ್ ಕಲೆಯೊಂದಿಗೆ ಹೋಲಿಸಲು ಇದೇ ಸರಿಯಾದ ಜಾಗ. ಅಮೃತಶಿಲೆಯ ಕ್ರೀಡಾಪಟುವನ್ನೂ ಸನ್ನತಿಯ ಚಪ್ಪಡಿಯನ್ನೂ ಎದುರುಬದುರು ಇಟ್ಟರೆ ಎರಡಕ್ಕೂ ಅನ್ಯಾಯ. ಚಪ್ಪಡಿಗೆ ಚಪ್ಪಡಿಯನ್ನು, ಗೋರಿಗೆ ಗೋರಿಯನ್ನು ಹೋಲಿಸಬೇಕು. ಅಥೆನ್ಸಿನ ಕೆರಮೈಕೋಸ್ ಸ್ಮಶಾನದಲ್ಲಿ ಕ್ರಿ.ಪೂ. 400ರ ಸುಮಾರಿನ ಒಂದು ಕಲ್ಲು ಸಿಕ್ಕಿದೆ. ಹೆಗೆಸೊ ಎಂಬ ಹೆಂಗಸು ಕುರ್ಚಿಯ ಮೇಲೆ ಕೂತಿದ್ದಾಳೆ, ಎದುರಿಗೆ ನಿಂತ ದಾಸಿ ಒಡವೆಯ ಪೆಟ್ಟಿಗೆ ಹಿಡಿದಿದ್ದಾಳೆ. ಹೆಗೆಸೊ ಅದರಿಂದ ಒಂದು ಒಡವೆ ಎತ್ತಿಕೊಂಡು ನೋಡುತ್ತಿದ್ದಾಳೆ. ಆ ಒಡವೆಗೆ ಬಣ್ಣ ಹಚ್ಚಿದ್ದಿರಬೇಕು, ಬಣ್ಣ ಹೋಗಿ ಈಗ ಅವಳ ಬೆರಳುಗಳ ನಡುವೆ ಏನೂ ಇಲ್ಲ. ಸತ್ತವಳ ನೆನಪಿಗೆ ಅವಳ ಕುಟುಂಬ ಆರಿಸಿದ್ದು ದಿನದ ಬಾಳಿನ ಒಂದು ಗಳಿಗೆಯನ್ನು. ಸನ್ನತಿಯ ಕುಟುಂಬಗಳೂ ಅದನ್ನೇ ಆರಿಸಿದವು. ನಿಲುವು, ಅಳತೆ, ಉಡುಗೆ ಎಲ್ಲ ಬೇರೆಯಾದರೂ ಮನೆಯವರ ದುಃಖ ದೇಹದಿಂದ ಬೇಡಿದ್ದು ಎರಡೂ ಕಡೆ ಒಂದೇ.

ನಾಣ್ಯದ ಮುಖ

ಗ್ರೀಕ್ ಮುಖ ದಖನಿಗೆ ಬಂದದ್ದು ಶಿಲ್ಪದಿಂದಲ್ಲ, ನಾಣ್ಯದಿಂದ. ವಾಯವ್ಯದಲ್ಲಿ ಆಳಿದ ಇಂಡೋ-ಗ್ರೀಕ್ ದೊರೆಗಳು ಬೆಳ್ಳಿ ನಾಣ್ಯದ ಮೇಲೆ ತಮ್ಮ ಮುಖವನ್ನು ಪಕ್ಕದಿಂದ ಕಾಣುವಂತೆ ಅಚ್ಚೊತ್ತಿಸಿದರು. ಪಶ್ಚಿಮದ ಕ್ಷತ್ರಪರು ಅದನ್ನು ಅನುಸರಿಸಿದರು. ಅವರ ನಾಣ್ಯಗಳ ಅಂಚಿನಲ್ಲಿ ಗ್ರೀಕ್ ಅಕ್ಷರಗಳೂ ಉಳಿದುಕೊಂಡಿದ್ದವು. 1906ರಲ್ಲಿ ನಾಸಿಕದ ಕಡೆ ಜೋಗಲಥೆಂಬಿಯಲ್ಲಿ ಸಿಕ್ಕ ನಿಧಿಯಲ್ಲಿ ಕ್ಷತ್ರಪ ನಹಪಾನನ 13,000ಕ್ಕೂ ಹೆಚ್ಚು ನಾಣ್ಯಗಳಿದ್ದು, ಅವುಗಳಲ್ಲಿ 9,000ಕ್ಕೂ ಹೆಚ್ಚಿನವನ್ನು ಸಾತವಾಹನ ದೊರೆ ಗೌತಮೀಪುತ್ರ ಸಾತಕರ್ಣಿ ಸೋತವನ ಮುಖದ ಮೇಲೆಯೇ ತನ್ನ ಮುದ್ರೆ ಒತ್ತಿಸಿ ಚಲಾವಣೆಗೆ ಬಿಟ್ಟಿದ್ದ. ಆಮೇಲೆ ಸಾತವಾಹನರೂ ತಮ್ಮ ಮುಖವಿರುವ ಬೆಳ್ಳಿ ನಾಣ್ಯ ಹೊರಡಿಸಿದರು. ಕಲ್ಲಿನಲ್ಲಿ ಹೋಲಿಕೆ ಬೇಡದ ದೊರೆಗಳಿಗೆ ನಾಣ್ಯದಲ್ಲಿ ಮಾತ್ರ ಅದು ಬೇಕಾಯಿತು. ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ ಸಮುದ್ರದೇವತೆ ಪೊಸೈಡನ್ನಿನ ಪುಟ್ಟ ಕಂಚಿನ ಮೂರ್ತಿಯೂ ಸಿಕ್ಕಿದೆ. ವ್ಯಾಪಾರದ ಮೂಟೆಯೊಂದಿಗೆ ಇಂಥವು ಬಂದಿರುವಾಗ ದಖನಿನವರು ಗ್ರೀಕ್ ಮೈಕಟ್ಟನ್ನು ಕಂಡೇ ಇರಲಿಲ್ಲ ಎನ್ನಲಾಗದು. ಕಂಡೂ ಅವರು ತಮ್ಮ ದಾರಿ ಬಿಡಲಿಲ್ಲ.

ಕಮಲಾಪುರದ ದಾರಿ

ಕಲಬುರಗಿಯಿಂದ ಹುಮನಾಬಾದಿನ ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಫರಸಿಯ ಸೀಮೆ ಹಿಂದೆ ಉಳಿದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕೆಂಪು ಮಣ್ಣು ಎದುರಾಗುತ್ತದೆ. ಇದೇ ದಾರಿಯ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪಿದೆ. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. ಕೋಟೆಯ ಜಾಮಿ ಮಸೀದಿ 1367ರದು. ಈ ಕಟ್ಟಡಗಳಲ್ಲಿ ಮನುಷ್ಯನ ಆಕೃತಿ ಇಲ್ಲ; ಗಾರೆಯಲ್ಲಿ ಹೂಬಳ್ಳಿ, ಅಕ್ಷರ, ಜ್ಯಾಮಿತಿಯ ವಿನ್ಯಾಸಗಳಿವೆ. ಹಾಗೆಂದು ದೇಹ ಮರೆತುಹೋಗಿಲ್ಲ. ಗುಮ್ಮಟದ ನಡುವೆ ಆಳುದ್ದದ ಗೋರಿಯೊಂದು ನೆಲಕ್ಕಂಟಿ ಮಲಗಿರುತ್ತದೆ. ಅಷ್ಟು ದೊಡ್ಡ ಕಟ್ಟಡ ಎದ್ದಿರುವುದೇ ಕಣ್ಣಿಗೆ ಕಾಣದ ಆ ಒಂದು ಮೈಯ ಸುತ್ತ. ಕನಗನಹಳ್ಳಿಯ ಖಾಲಿ ಆಸನದ ಎದುರು ನಿಂತು ಬಂದವರಿಗೆ ಈ ಮೌನ ಹೊಸದೆನಿಸುವುದಿಲ್ಲ.

ಕಮಲಾಪುರ ದಾಟಿ ಹುಮನಾಬಾದಿನ ಹತ್ತಿರದ ಜಲಸಂಗ್ವಿಗೆ ಹೋದರೆ ಕಲ್ಯಾಣ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಮದನಿಕೆಯರು ಸಿಗುತ್ತಾರೆ. ಇಲ್ಲಿ ಮೈ ಚಪ್ಪಡಿಯಿಂದ ಅರ್ಧ ಹೊರಬಂದಿದೆ. ತಲೆ ಒಂದು ಕಡೆ, ಎದೆ ಇನ್ನೊಂದು ಕಡೆ, ಸೊಂಟ ಮತ್ತೊಂದು ಕಡೆ ವಾಲಿದ ತ್ರಿಭಂಗಿ. ಕ್ರಿಟಿಯೋಸನ ಹುಡುಗನೂ ಒಂದೇ ಕಾಲಿಗೆ ಭಾರ ಹಾಕಿದ್ದ, ಜಲಸಂಗ್ವಿಯ ಹುಡುಗಿಯೂ ಹಾಗೆಯೇ ನಿಂತಿದ್ದಾಳೆ. ಅವನದು ನಿಲುವಿನ ಲೆಕ್ಕ, ಇವಳದು ನೃತ್ಯದ ಲಯ. ಒಬ್ಬ ಮದನಿಕೆ ಪ್ರೇಕ್ಷಕರ ಕಡೆ ಬೆನ್ನು ಹೊರಳಿಸಿ ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆದ ಸಾಲು ಈಗಲೂ ಓದಲು ಸಿಗುತ್ತದೆ. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ ಅದು. ಗ್ರೀಕ್ ಶಿಲ್ಪದಲ್ಲಿ ಅಕ್ಷರ ಪೀಠದ ಮೇಲಿರುತ್ತದೆ, ಕನಗನಹಳ್ಳಿಯಲ್ಲಿ ಚಪ್ಪಡಿಯ ಅಂಚಿನಲ್ಲಿದೆ. ಜಲಸಂಗ್ವಿಯಲ್ಲಿ ಶಿಲ್ಪದ ಹೆಣ್ಣೇ ಕೈಯೆತ್ತಿ ಅಕ್ಷರ ಕೊರೆಯುತ್ತಾಳೆ. ಇಡೀ ಸೀಮೆಯ ಶಿಲ್ಪಗಳಲ್ಲಿ ಒಂದನ್ನೇ ಆರಿಸಿ ಎಂದರೆ ಇವಳನ್ನು ಆರಿಸಬೇಕು.

ಇಂಥ ಮೂರ್ತಿಗಳ ಹಿಂದೆ ತಾಳಮಾನದ ಲೆಕ್ಕವಿತ್ತು. ಮುಖದ ಉದ್ದ ಒಂದು ತಾಳ, ಅಂದರೆ 12 ಅಂಗುಲ; ನವತಾಳದ ಮೂರ್ತಿ ಒಟ್ಟು 108 ಅಂಗುಲ. ಪಾಲಿಕ್ಲೈಟಸನಂತೆ ನಮ್ಮವರೂ ಅಂಗಕ್ಕೂ ಅಂಗಕ್ಕೂ ಅನುಪಾತ ಕಟ್ಟಿದರು. ಆದರೆ ಅವನು ಹುಡುಕಿದ್ದು ಎಲ್ಲರಿಗೂ ಸಲ್ಲುವ ಒಂದೇ ಸರಿಯಾದ ಅಳತೆ. ಇಲ್ಲಿ ದೇವತೆಗೊಂದು, ಮನುಷ್ಯನಿಗೊಂದು, ಕುಬ್ಜನಿಗೊಂದು ಎಂದು ತಾಳಗಳೇ ಹಲವು. ಬೆತ್ತಲೆಯ ಅರ್ಥವೂ ಹೀಗೆಯೇ ಬೇರೆ. ಸೇಡಂ ತಾಲ್ಲೂಕಿನ ಮಳಖೇಡದ ನೇಮಿನಾಥ ಬಸದಿಯಂಥ ಕಡೆ ಕಾಯೋತ್ಸರ್ಗದಲ್ಲಿ ನಿಂತ ಜಿನಬಿಂಬ ಕೂರೋಸನಂತೆಯೇ ನೆಟ್ಟಗೆ, ಬೆತ್ತಲೆಯಾಗಿ, ತೋಳು ಇಳಿಬಿಟ್ಟು ನಿಲ್ಲುತ್ತದೆ. ಕೂರೋಸನ ಒಂದು ಕಾಲು ಮುಂದಿದೆ, ಅವನಿಗೆ ಲೋಕದಲ್ಲಿ ಗೆಲ್ಲುವುದು ಬಾಕಿ ಇದೆ. ಜಿನನ ಎರಡೂ ಪಾದ ಸಮ. ಹೋಗಬೇಕಾದ ಕಡೆ ಯಾವುದೂ ಉಳಿದಿಲ್ಲ.

ಪಂಡಿತರ ಕುಂಚ

ಗ್ರೀಕ್ ಮೈ ಕಲಬುರಗಿಗೆ ನಿಜವಾಗಿ ಬಂದದ್ದು 20ನೆಯ ಶತಮಾನದಲ್ಲಿ, ಅದೂ ಮುಂಬೈ ಮೂಲಕ. 1857ರಲ್ಲಿ ಆರಂಭವಾದ ಅಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ವಿದ್ಯಾರ್ಥಿಗಳು ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಪ್ರತಿಗಳನ್ನು ನೋಡಿ ನೆರಳು ಬೆಳಕು ಹಾಕಲು ಕಲಿಯುತ್ತಿದ್ದರು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಈ ಪರಂಪರೆಯಲ್ಲಿ ಪಳಗಿದವರು. ಮುಂಬೈಯಲ್ಲಿ ಕನ್ನಡಿಗ ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರದಲ್ಲೂ ಜೆ.ಜೆ. ಶಾಲೆಯಲ್ಲೂ ಅವರ ಕಲಿಕೆ ನಡೆಯಿತು. ಹಾಲಿವುಡ್ ಚಿತ್ರಗಳ ಪ್ರಚಾರಫಲಕ, ‘ಫಿಲ್ಮಿಂಡಿಯಾ’ ಪತ್ರಿಕೆಯ ಮುಖಪುಟ, ಆಮೇಲೆ ಕ್ಯಾಲೆಂಡರ್‌ಗಳಿಗಾಗಿ ಪುರಾಣದ ಚಿತ್ರಗಳು, ಹೀಗೆ ಅವರ ಕೆಲಸ ಮನೆಮನೆಯ ಗೋಡೆಗೆ ತಲುಪಿತು. ರಾಧಾಕೃಷ್ಣ, ನಳದಮಯಂತಿ, ವಿಶ್ವಾಮಿತ್ರ ಮೇನಕೆಯರನ್ನು ಬರೆದ ಅವರ ಕುಂಚದಲ್ಲಿ ಭುಜದ ಸ್ನಾಯು ಉಬ್ಬುತ್ತದೆ, ಕತ್ತಿನ ನರ ಬಿಗಿಯುತ್ತದೆ, ಬೆಳಕು ಒಂದು ಬದಿಯಿಂದ ಬಿದ್ದು ಮೈಯ ದುಂಡನ್ನು ಎತ್ತಿ ತೋರಿಸುತ್ತದೆ. ಕನ್ಯಾಕುಮಾರಿಯ ಸ್ಮಾರಕಕ್ಕಾಗಿ ಅವರು ಬರೆದ ವಿವೇಕಾನಂದರಲ್ಲೂ ಆ ಗಟ್ಟಿತನವಿದೆ.

ಕ್ಯಾಲೆಂಡರ್ ಕಲೆಯೆಂದು ಪಂಡಿತರನ್ನು ಬದಿಗೆ ಸರಿಸುವ ವಿಮರ್ಶೆ ತಪ್ಪು. ಅವರ ಗಂಡಸರಲ್ಲಿ ಗ್ರೀಕ್ ಸ್ನಾಯು ಇದೆ, ಹೆಂಗಸರಲ್ಲಿ ತ್ರಿಭಂಗಿಯ ಬಾಗು ಇದೆ, ಒಡವೆಯ ಮಣಿಮಣಿಯನ್ನೂ ಬಿಡದೆ ಬರೆಯುವ ಹಟವಿದೆ. ಈ ಕೊನೆಯದನ್ನು ಅವರಿಗೆ ಪ್ಲಾಸ್ಟರ್ ಪ್ರತಿಗಳು ಕಲಿಸಿರಲಾರವು. ಎರಡು ಸಾವಿರ ವರ್ಷ ಅಕ್ಕಪಕ್ಕ ಇದ್ದೂ ಬೆರೆಯದ ಎರಡು ಮೈಗಳು ಅವರ ಚಿತ್ರಪಟದ ಮೇಲೆ ಒಂದಾದವು. 1993ರಲ್ಲಿ ಅವರು ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ನಗರದ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯಗಳಲ್ಲಿ ಹೊಸ ತಲೆಮಾರು ಮೈ ಬರೆಯಲು ಕಲಿತಿದೆ.

ನೋಡುವ ಬಗೆ

ಸನ್ನತಿಯ ಶಿಲ್ಪಗಳು ಕೆಲವು ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಮಹಾಚೈತ್ಯದ ಚಪ್ಪಡಿಗಳು ಕನಗನಹಳ್ಳಿಯ ನಿವೇಶನದಲ್ಲೇ ಇವೆ. ಉತ್ಖನನ ಮುಗಿದು ವರ್ಷಗಳು ಉರುಳಿದರೂ ಅವು ಸ್ತೂಪದ ಮೈಗೆ ಮರಳದೆ ನೆಲದ ಮೇಲೆ ಸಾಲಾಗಿ ಕಾದಿದ್ದವು. ಇತ್ತೀಚೆಗೆ ಜೋಡಣೆಯ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ಸುಣ್ಣಕಲ್ಲಿಗೆ ಮಳೆನೀರು ಶತ್ರು. ಹುಳಿಯ ಅಂಶವಿರುವ ನೀರು ಅದನ್ನು ಕರಗಿಸುತ್ತದೆ, ಮೊದಲು ಹೋಗುವುದು ಮುಖ ಮತ್ತು ಬೆರಳು. ಆದ್ದರಿಂದ ಈ ಕೆಲಸ ತಡವಾದಷ್ಟೂ ನಷ್ಟ ಆ ಮೈಗಳದೇ.

ನೋಡಲು ಹೋಗುವವರು ನಡುಮಧ್ಯಾಹ್ನ ಹೋಗಬಾರದು. ಉಬ್ಬು ಕಡಿಮೆಯಿರುವ ಈ ಶಿಲ್ಪಗಳು ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತವೆ. ಬೆಳಗಿನ ಎಳೆ ಬಿಸಿಲು ಬದಿಯಿಂದ ಬೀಳಬೇಕು, ನೆರಳಿನಲ್ಲಿರುವ ಚಪ್ಪಡಿಗಾದರೆ ಬ್ಯಾಟರಿಯನ್ನು ಕಲ್ಲಿನ ಅಂಚಿಗೆ ಹಿಡಿದು ಓರೆಯಾಗಿ ಬೆಳಕು ಬಿಡಬೇಕು. ಆಗ ಚಾಮರದವಳ ಮುಂಗೈ ಬಳೆಗಳು ಒಂದೊಂದಾಗಿ ಬೇರೆಯಾಗುತ್ತವೆ, ದೊರೆಯ ಎದೆ ಉಸಿರು ತುಂಬಿ ಏಳುತ್ತದೆ, ಅವನ ಹೆಸರಿನ ಬ್ರಾಹ್ಮಿ ಗೆರೆಗಳು ಕಲ್ಲಿನಿಂದ ಮೇಲೆದ್ದು ಬರುತ್ತವೆ.